ನಕ್ಷೆಯ ಹಸಿರು, ನೆಲದ ಹಸಿರು

ಒಂದು ಪ್ರದೇಶದ ಮಹಾಯೋಜನೆಯಲ್ಲಿ ಭೂಮಿಯನ್ನು ‘ಕೃಷಿ’ ಎಂದು ಗುರುತಿಸಿಬಿಟ್ಟರೆ ಅಲ್ಲಿ ಬೇಸಾಯ ಉಳಿಯುವುದೇ? ಈ ಪ್ರಶ್ನೆಗೆ ಹವಾಯಿ ದ್ವೀಪಗಳ ಮಾವಿ ಕೌಂಟಿಯ ಅನುಭವ ಬೆಲೆಯುಳ್ಳ ಉತ್ತರವನ್ನು ಕೊಡುತ್ತದೆ. ಅಲ್ಲಿಯೂ ಬೆಟ್ಟದಿಂದ ಇಳಿದು ಬರುವ ನೀರೇ ಬದುಕಿಗೆ ಆಧಾರ. ಅಲ್ಲಿಯೂ ದೊಡ್ಡ ತೋಟಗಾರಿಕೆಯ ದೀರ್ಘ ಇತಿಹಾಸವಿದೆ, ಪ್ರವಾಸೋದ್ಯಮದ ಒತ್ತಡವಿದೆ. ಹವಾಯಿಯ ಜನರು ಉಣ್ಣುವ ಆಹಾರದಲ್ಲಿ ಶೇ. 85ರಿಂದ 90ರಷ್ಟು ಹೊರಗಿನಿಂದ ಬರುತ್ತದೆ ಎಂಬ ಅಂದಾಜು ಬಹುಕಾಲದಿಂದ ಚಾಲ್ತಿಯಲ್ಲಿದೆ. ಹಾಗಾಗಿ ಕೃಷಿಭೂಮಿಯ ಗೆರೆ ಎಲ್ಲಿ ಬೀಳುತ್ತದೆ ಎಂಬುದು ಅಲ್ಲಿ ಅನ್ನದ ಪ್ರಶ್ನೆಯೇ ಆಗಿದೆ.

ಇಡೀ ರಾಜ್ಯದ ಭೂಮಿಯನ್ನು ವಲಯಗಳಾಗಿ ವಿಂಗಡಿಸುವ ಕಾಯಿದೆಯನ್ನು ಹವಾಯಿ 1961ರಲ್ಲಿಯೇ ತಂದಿತು. ನಗರ, ಕೃಷಿ, ಸಂರಕ್ಷಣೆ ಎಂಬ ಮೂರು ವಲಯಗಳಿಗೆ 1963ರಲ್ಲಿ ಗ್ರಾಮೀಣ ವಲಯವೂ ಸೇರಿತು. ಆದರೆ ನಗರಕ್ಕೂ ಸಂರಕ್ಷಣೆಗೂ ಸೇರದೆ ಉಳಿದುದೆಲ್ಲ ‘ಕೃಷಿ’ ಎಂಬ ಹೆಸರಿನಡಿ ಬಂದಿತು. ಕಬ್ಬು ಬೆಳೆಯುವ ಆಳವಾದ ಮಣ್ಣು, ಬಂಜರು ಇಳಿಜಾರು, ಲಾವಾ ಬಂಡೆ ಎಲ್ಲಕ್ಕೂ ಒಂದೇ ಹಣೆಪಟ್ಟಿ. ಸುಮಾರು 41 ಲಕ್ಷ ಎಕರೆಯ ರಾಜ್ಯದಲ್ಲಿ 19 ಲಕ್ಷ ಎಕರೆಯಷ್ಟು ಕೃಷಿ ವಲಯವಾಯಿತು. ಮಣ್ಣಿನ ಗುಣವನ್ನು ಲೆಕ್ಕಿಸದ ಇಂಥ ವರ್ಗೀಕರಣ ನೋಡಲು ಉದಾರವಾದರೂ ಒಳಗೆ ದುರ್ಬಲ. ಎಲ್ಲವೂ ಕೃಷಿಭೂಮಿ ಎಂದಾಗ, ಇದು ಹೇಗೂ ಬೆಳೆಗೆ ಒಗ್ಗದ ನೆಲ ಎಂಬ ವಾದದೊಂದಿಗೆ ಒಂದೊಂದೇ ತುಂಡನ್ನು ಬಿಡಿಸಿಕೊಳ್ಳುವುದು ಸುಲಭವಾಗುತ್ತದೆ.

ಈ ಕೊರತೆಯನ್ನು ತುಂಬಲು 1978ರಲ್ಲಿ ರಾಜ್ಯದ ಸಂವಿಧಾನಕ್ಕೆ ತಿದ್ದುಪಡಿಯಾಯಿತು. ‘ಮುಖ್ಯ ಕೃಷಿಭೂಮಿ’ಯನ್ನು ಗುರುತಿಸಬೇಕು, ಹಾಗೆ ಗುರುತಿಸಿದ್ದನ್ನು ಬದಲಿಸಲು ಸಂಬಂಧಪಟ್ಟ ಸಂಸ್ಥೆಯ ಮೂರನೇ ಎರಡರಷ್ಟು ಮತ ಬೇಕು ಎಂದು ಅದು ವಿಧಿಸಿತು. ಅದನ್ನು ಜಾರಿಗೆ ತರುವ ಕಾಯಿದೆ ಬಂದದ್ದು 2005ರಲ್ಲಿ. ಆ 27 ವರ್ಷಗಳಲ್ಲಿ ತೋಟಗಳು ಒಂದೊಂದಾಗಿ ಮುಚ್ಚುತ್ತಲೇ ಇದ್ದವು. ಮಾವಿ ಕೌಂಟಿ 2010ರಲ್ಲಿ ತನ್ನ ನೀತಿ ಯೋಜನೆಯನ್ನು ಅಂಗೀಕರಿಸಿತು. 2012ರ ದ್ವೀಪ ಯೋಜನೆಯಲ್ಲಿ, ಪಟ್ಟಣಗಳು ಎಲ್ಲಿಯವರೆಗೆ ಬೆಳೆಯಬಹುದೆಂದು ಗೆರೆ ಎಳೆಯಿತು.

ಈ ಗೆರೆಗಳು ವ್ಯರ್ಥವೆಂದು ನಾವು ಹೇಳುವುದಿಲ್ಲ. ಮಾವಿಯ ನಡುಬಯಲಿನ ಸಕ್ಕರೆ ಕಂಪನಿಯ ಒಡೆತನದ ಸುಮಾರು 27,000 ಎಕರೆ 2009ರಲ್ಲಿ ಮುಖ್ಯ ಕೃಷಿಭೂಮಿ ಎಂದು ಘೋಷಿತವಾಯಿತು. 2016ರ ಡಿಸೆಂಬರಿನಲ್ಲಿ ಹವಾಯಿಯ ಕೊನೆಯ ಸಕ್ಕರೆ ಕಾರ್ಖಾನೆ ಅಲ್ಲಿಯೇ ಬಾಗಿಲು ಮುಚ್ಚಿತು. ಘೋಷಣೆ ಬೆಳೆಯನ್ನು ಉಳಿಸಲಾರದೆ ಹೋಯಿತು. ಆದರೆ ನೆಲವನ್ನು ಉಳಿಸಿತು. 2018ರಲ್ಲಿ ಸುಮಾರು 41,000 ಎಕರೆ ಒಟ್ಟಾಗಿಯೇ ಇನ್ನೊಂದು ಕೃಷಿ ಕಂಪನಿಯ ಕೈಸೇರಿತು, ಕಬ್ಬಿದ್ದಲ್ಲಿ ನಿಂಬೆ–ಕಿತ್ತಳೆ ಜಾತಿಯ ಗಿಡಗಳು ಬಂದವು. ನಿವೇಶನಗಳಾಗಿ ಒಡೆದುಹೋಗಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲ.

ಆದರೂ ಹಣೆಪಟ್ಟಿಗೆ ಮೂರು ಬಿರುಕುಗಳಿವೆ.

ಮೊದಲನೆಯದು ಮನೆ. ಕೃಷಿ ವಲಯದಲ್ಲಿ ‘ತೋಟದ ಮನೆ’ಗೆ ಅವಕಾಶವಿದೆ, ಹಿಡುವಳಿಯನ್ನು ಒಂದು ಎಕರೆಯವರೆಗೂ ತುಂಡರಿಸಲು ರಾಜ್ಯದ ಕಾಯಿದೆ ಬಿಡುತ್ತದೆ. ಹೀಗಾಗಿ ನಾಲ್ಕು ಹಣ್ಣಿನ ಗಿಡ ನೆಟ್ಟು ಸಮುದ್ರಕ್ಕೆ ಮುಖ ಮಾಡಿದ ಬಂಗಲೆ ಕಟ್ಟುವವರೂ ಕೃಷಿಕರಾಗುತ್ತಾರೆ. ಪಕ್ಕದ ಹವಾಯಿ ಕೌಂಟಿಯಲ್ಲಿ, ಕೋನಾದ ಕೃಷಿ ವಲಯದಲ್ಲಿ ಎದ್ದ ಗಾಲ್ಫ್ ಬಡಾವಣೆಯೊಂದನ್ನು 2003ರಲ್ಲಿ ನ್ಯಾಯಾಲಯ ತಡೆಯಿತು. 2006ರಲ್ಲಿ ರಾಜಿಯಾಗಿ ಕೆಲಸ ಮುಂದುವರಿಯಿತು. ಬಂಗಲೆಯ ಬೆಲೆಗೆ ನೆಲ ಮಾರಾಟವಾಗುವ ಕಡೆ ತರಕಾರಿ ಬೆಳೆದು ಆ ಬೆಲೆಯನ್ನು ತೀರಿಸುವ ರೈತ ಹುಟ್ಟಿಲ್ಲ.

ಎರಡನೆಯದು ನೀರು. ಪೂರ್ವ ಮಾವಿಯ ಮಳೆಕಾಡಿನ ಹಳ್ಳಗಳನ್ನು ಒಣ ನಡುಬಯಲಿಗೆ ತಿರುಗಿಸುವ ಕಾಲುವೆಗಳ ಕೆಲಸ 1876ರಲ್ಲಿ ಆರಂಭವಾಯಿತು. ಕಬ್ಬು ಹಸಿರಾಯಿತು, ಹಳ್ಳದ ಕೆಳಪಾತ್ರದಲ್ಲಿ ಗದ್ದೆ ಕಟ್ಟಿ ಕಾಲೋ ಬೆಳೆಯುತ್ತಿದ್ದ ಮೂಲನಿವಾಸಿಗಳ ಬೇಸಾಯ ಸೊರಗಿತು. ಕಾಲೋ ಎಂದರೆ ನಮ್ಮ ಕೆಸುವೇ. ಪತ್ರೊಡೆಗೆ ಎಲೆ ಕೊಯ್ಯುವ ನಮಗೆ ಅದರ ನೀರಿನ ಹಸಿವನ್ನು ವಿವರಿಸಬೇಕಾಗಿಲ್ಲ. ದಶಕಗಳ ಹೋರಾಟದ ನಂತರ, 2018ರಲ್ಲಿ ರಾಜ್ಯದ ಜಲ ಆಯೋಗ ಹಲವು ಹಳ್ಳಗಳಿಗೆ ನೀರನ್ನು ಮರಳಿ ಬಿಡುವಂತೆ ಆದೇಶಿಸಿತು. ನೀರಿನ ಪಾಲನ್ನು ಹೇಳದ ಭೂನಕ್ಷೆ ಅರ್ಧ ನಕ್ಷೆ ಮಾತ್ರ.

ಮೂರನೆಯದು ಹಡಿಲು. ಕೃಷಿ ವಲಯದಲ್ಲಿ ಕಟ್ಟಡ ಕಟ್ಟಬಾರದು ಎಂಬ ನಿಯಮವಿದೆ. ಉಳುಮೆ ಮಾಡಲೇಬೇಕೆಂಬ ಹೊಣೆ ಯಾರಿಗೂ ಇಲ್ಲ. ಪಶ್ಚಿಮ ಮಾವಿಯ ಲಹೈನಾ ಪಟ್ಟಣದ ಸಕ್ಕರೆ ಕಾರ್ಖಾನೆ 1999ರಲ್ಲಿ ನಿಂತಿತು. ಮೇಲಿನ ಇಳಿಜಾರಿನ ಕಬ್ಬಿನ ಗದ್ದೆಗಳನ್ನು ಗಿನಿ ಹುಲ್ಲಿನಂಥ ಹೊರಗಿನ ಹುಲ್ಲುಗಳು ಆವರಿಸಿಕೊಂಡವು. 2023ರ ಆಗಸ್ಟ್ 8ರಂದು ತುಂಡಾದ ವಿದ್ಯುತ್ ತಂತಿಯಿಂದ ಹುಟ್ಟಿದ ಕಿಡಿಗೆ ಬಿರುಗಾಳಿ ಜೊತೆಯಾಯಿತು, ಒಣಹುಲ್ಲು ಉರುವಲಾಯಿತು. ಪಟ್ಟಣ ಸುಟ್ಟುಹೋಯಿತು, ನೂರಕ್ಕೂ ಹೆಚ್ಚು ಜನ ಸತ್ತರು. ದುರಂತಕ್ಕೆ ಕಾರಣಗಳು ಹಲವು. ಆದರೆ ಬೇಸಾಯಗಾರನಿಲ್ಲದ ಕೃಷಿಭೂಮಿ ಊರಿನ ನೆತ್ತಿಯ ಮೇಲೆ ಒಣಗಿ ಕಾದಿತ್ತೆಂಬುದು ಅವುಗಳಲ್ಲೊಂದು.

ಇದನ್ನು ಮಾವಿಯ ಜನರು ಮೊದಲೇ ಗ್ರಹಿಸಿದ್ದರೆನ್ನಬೇಕು. 2020ರಲ್ಲಿ ಅವರು ಮತ ಹಾಕಿ ಕೌಂಟಿಗೆ ತನ್ನದೇ ಕೃಷಿ ಇಲಾಖೆ ಬೇಕೆಂದು ನಿರ್ಧರಿಸಿದರು. 2022ರಲ್ಲಿ ಅದು ಕೆಲಸ ಆರಂಭಿಸಿತು. ನೆಲಕ್ಕೆ ಬಣ್ಣ ಬಳಿದ ಮೇಲೆ ಅದರಲ್ಲಿ ದುಡಿಯುವವರನ್ನು ಹುಡುಕಿ ನಿಲ್ಲಿಸುವುದೂ ಆಡಳಿತದ ಕೆಲಸ ಎಂಬ ಒಪ್ಪಿಗೆ ಇದರಲ್ಲಿದೆ.

ನಾವು ಮಲೆನಾಡಿಗರು ಇದನ್ನು ದೂರದ ದ್ವೀಪದ ಸುದ್ದಿಯೆಂದು ಬದಿಗಿಡಲಾರೆವು. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳುವುದನ್ನು ನಿರ್ಬಂಧಿಸುತ್ತಿದ್ದ ಭೂಸುಧಾರಣಾ ಕಾಯಿದೆಯ 79ಎ, 79ಬಿ ಕಲಮುಗಳು 2020ರಲ್ಲಿ ರದ್ದಾದವು. ಈಗ ನಮಗೆ ಉಳಿದಿರುವುದು ಮುಖ್ಯವಾಗಿ ಭೂಪರಿವರ್ತನೆಯ ಅನುಮತಿ ಮತ್ತು ಯೋಜನಾ ನಕ್ಷೆಯ ಬಣ್ಣ. ತೋಟದ ಮನೆಯ ಅವಕಾಶ ನಮ್ಮ ಭೂಕಂದಾಯ ಕಾಯಿದೆಯಲ್ಲೂ ಇದೆ. ಅದು ರೆಸಾರ್ಟಿನ ಹೆಬ್ಬಾಗಿಲಾಗಲು ಹೆಚ್ಚು ಕಾಲ ಬೇಡ.

ಆದ್ದರಿಂದ ನಮ್ಮ ತಾಲ್ಲೂಕುಗಳ ಯೋಜನಾ ಕರಡು ಆಕ್ಷೇಪಣೆಗೆ ಬಂದಾಗ, ಇಷ್ಟು ಎಕರೆ ಹಸಿರು ಎಂಬ ಒಂದೇ ಅಂಕಿಗೆ ತೃಪ್ತರಾಗದಿರೋಣ. ಮಣ್ಣಿನ ವರ್ಗವನ್ನು ನೋಡಿ ಗೆರೆ ಎಳೆಯಲಾಗಿದೆಯೇ? ಈ ಗದ್ದೆಗೆ ಯಾವ ಹಳ್ಳದ ನೀರು, ಎಷ್ಟು? ತೋಟದ ಮನೆಗೂ ವಸತಿಗೃಹಕ್ಕೂ ವ್ಯತ್ಯಾಸವನ್ನು ಯಾರು, ಹೇಗೆ ಪರೀಕ್ಷಿಸುತ್ತಾರೆ? ಹಡಿಲು ಬಿದ್ದ ಮಕ್ಕಿ ಗದ್ದೆಯನ್ನು ಉಳಲು ಮುಂದೆ ಬರುವ ಯುವಕನಿಗೆ ಎಷ್ಟು ವರ್ಷದ ಗೇಣಿಯ ಭರವಸೆ? ಈ ನಾಲ್ಕು ಪ್ರಶ್ನೆಗಳನ್ನು ಪ್ರತಿ ಗ್ರಾಮಸಭೆಯಲ್ಲಿ ಲಿಖಿತವಾಗಿ ಕೇಳಬೇಕೆಂದು ನಮ್ಮ ಓದುಗರನ್ನು ವಿನಂತಿಸುತ್ತೇವೆ. ಕರಡು ಅಂತಿಮವಾದ ಮೇಲೆ ಕೇಳುವ ಪ್ರಶ್ನೆಗೆ ಉತ್ತರ ಕೊಡುವವರು ಯಾರೂ ಇರುವುದಿಲ್ಲ.