ಫಾರ್ಮ್ಯಾಟ್ ಮಾಡ್ಸೋ ಮೊದಲು ಕಾರಣ ಕೇಳಿ

(1/3)

ಗೂಗಲ್ ಓಪನ್ ಆಗುತ್ತೆ. ಯೂಟ್ಯೂಬ್ ಓಡುತ್ತೆ. ಆದ್ರೆ ಮಗಳ ಸ್ಕಾಲರ್‌ಶಿಪ್ ಅರ್ಜಿ ಹಾಕೋ ಸೈಟ್ ಮಾತ್ರ ಬರಲ್ಲ. ಕೊನೇ ದಿನ ನಾಳೆ!

ಇಂಥ ಹೊತ್ತಲ್ಲಿ ನಮ್ಮ ಶನಿವಾರಸಂತೆ ಕಡೆ ಸಿಗೋ ಉತ್ತರ ಎರಡೇ. ಒಂದು, ‘ಸರ್ವರ್ ಡೌನ್’. ಇನ್ನೊಂದು, ‘ಫಾರ್ಮ್ಯಾಟ್ ಮಾಡಿಸ್ಬೇಕು’.

ನೇರವಾಗಿ ಹೇಳ್ತೀನಿ: ಎಲ್ಲಿ ಕೆಟ್ಟಿದೆ ಅಂತ ತೋರಿಸದೆ ಹೇಳಿದ್ರೆ, ಇವೆರಡೂ ಉತ್ತರಗಳೇ ಅಲ್ಲ.

ಮಳೆಗಾಲದಲ್ಲಿ ಸೋಮವಾರಪೇಟೆ ರಸ್ತೆಗೆ ಮರ ಬಿದ್ರೂ ಕೊಡ್ಲಿಪೇಟೆ ಕಡೆ ಬಸ್ಸು ಹೋಗುತ್ತೆ. ಆಗ ಯಾರೂ ಬಸ್ಸಿನ ಎಂಜಿನ್ ಬಿಚ್ಚೋಕೆ ಕೂರಲ್ಲ. ಕೆಲವು ಸೈಟ್ ಬಂದು ಕೆಲವು ಬರ್ತಿಲ್ಲ ಅಂದ್ರೆ ನಿಮ್ಮ ಲೈನ್ ಬದುಕಿದೆ, ದಾರಿಯಲ್ಲಿ ಎಲ್ಲೋ ಒಂದು ಕಡೆ ತಡೆ ಇದೆ ಅಂತ ಅರ್ಥ.

ಎಲ್ಲಿ ಅಂತ ಕಂಡುಹಿಡಿಯೋಕೆ ಐದು ನಿಮಿಷ ಸಾಕು. ಅದೇ ಸೈಟನ್ನ ಮೊಬೈಲಲ್ಲಿ ತೆಗೀರಿ. ಮೊದಲು ಮನೆ ವೈಫೈನಲ್ಲಿ, ಆಮೇಲೆ ವೈಫೈ ಆಫ್ ಮಾಡಿ ಸಿಮ್ ಡೇಟಾದಲ್ಲಿ.

👉 ವೈಫೈನಲ್ಲಿ ಮೊಬೈಲಿಗೆ ಬಂತು, ಕಂಪ್ಯೂಟರಿಗೆ ಬರಲ್ಲ: ಮೊದಲು ಕಂಪ್ಯೂಟರ್ ನೋಡಿ.
👉 ಸಿಮ್ ಡೇಟಾದಲ್ಲಿ ಬಂತು, ವೈಫೈನಲ್ಲಿ ಬರಲ್ಲ: ರೂಟರ್ ಅಥವಾ ಇಂಟರ್ನೆಟ್ ಕೊಡೋರ ಕಡೆ ತೊಂದರೆ.
👉 ಎರಡರಲ್ಲೂ ಬರಲ್ಲ: ಬಹುಶಃ ಸೈಟೇ ಬಿದ್ದಿದೆ, ಇಲ್ಲಾ ಅದನ್ನ ತಡೆದಿದ್ದಾರೆ.

(2/3)

ಕಂಪ್ಯೂಟರಿನದೇ ತಪ್ಪು ಅಂತಾದ್ರೂ ಫಾರ್ಮ್ಯಾಟ್ ತನಕ ಹೋಗ್ಬೇಕಾಗಿಲ್ಲ.

ಮೊದಲು ಮೂಲೆಯಲ್ಲಿರೋ ತಾರೀಖು ನೋಡಿ. ಹಳೇ ಡೆಸ್ಕ್‌ಟಾಪ್ ಒಳಗೆ ನಾಣ್ಯದಂಥ ಒಂದು ಬ್ಯಾಟರಿ ಇರುತ್ತೆ, ಹೆಚ್ಚಾಗಿ ಸಿಆರ್2032. ಅದು ಸತ್ರೆ, ಕರೆಂಟ್ ಹೋದಾಗೆಲ್ಲ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿಬಿಡುತ್ತೆ. ಸುರಕ್ಷಿತ ಸೈಟ್‌ಗಳ ಸರ್ಟಿಫಿಕೇಟಿಗೆ ಅವಧಿ ಇರುತ್ತೆ. ತಾರೀಖು ಹೊಂದದಿದ್ರೆ ಬ್ರೌಸರ್ ತಡೆಯುತ್ತೆ. ಇದಕ್ಕೆ ಒಂದು ಸಣ್ಣ ಬ್ಯಾಟರಿ ಸಾಕು.

ಎರಡನೇದು, ಹಳೇ ವಿಂಡೋಸ್. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಂತಿದ್ದು 2020ರ ಜನವರಿ 14ಕ್ಕೆ. 2021ರ ಸೆಪ್ಟೆಂಬರ್ 30ರಂದು ಒಂದು ಹಳೇ ಮೂಲ ಸರ್ಟಿಫಿಕೇಟಿನ ಅವಧಿ ಮುಗೀತು. ಲೆಟ್ಸ್ ಎನ್‌ಕ್ರಿಪ್ಟ್ ಸರ್ಟಿಫಿಕೇಟ್ ಬಳಸೋ ಸೈಟ್‌ಗಳು ಅಪ್‌ಡೇಟ್ ಕಾಣದ ಹಳೇ ಯಂತ್ರಗಳಲ್ಲಿ ತೆರೆಯದೇ ಹೋದವು. ವೈರಸ್ ಏನೂ ಬಂದಿರಲಿಲ್ಲ. ಫೈರ್‌ಫಾಕ್ಸ್ ಮೂಲ ಸರ್ಟಿಫಿಕೇಟುಗಳ ತನ್ನದೇ ಪಟ್ಟಿ ಇಟ್ಕೊಂಡಿರುತ್ತೆ, ಹಾಗಾಗಿ ಅದ್ರಲ್ಲಿ ಬರ್ತಿತ್ತು.

(ಎಚ್ಚರ: ಬ್ಯಾಂಕ್ ಸೈಟಿಗೆ ಸರ್ಟಿಫಿಕೇಟ್ ಎಚ್ಚರಿಕೆ ಬಂದ್ರೆ ‘ಪರವಾಗಿಲ್ಲ, ಮುಂದೆ ಹೋಗು’ ಅಂತ ಒತ್ತಲೇಬೇಡಿ.)

ಮೂರನೇದು, ಡಿಎನ್‌ಎಸ್. ಸೈಟಿನ ಹೆಸರು ಕೊಟ್ರೆ ಅದರ ನಂಬರ್ ವಿಳಾಸ ಹೇಳೋ ವ್ಯವಸ್ಥೆ ಇದು, 1983ರಿಂದ ಇದೆ. ನಿಮ್ಮ ಇಂಟರ್ನೆಟ್ ಕಂಪನಿಯ ಡಿಎನ್‌ಎಸ್ ತಡವರಿಸಿದ್ರೆ 1.1.1.1 ಅಥವಾ 8.8.8.8 ಹಾಕಿ ನೋಡಿ.

ನಾಲ್ಕನೇದು ಯಾರೂ ಹೇಳದೇ ಇರೋದು. ಅನೇಕ ಫೈಬರ್ ಲೈನ್‌ಗಳು ಪಿಪಿಪಿಒಇ ವಿಧಾನದಲ್ಲಿ ನಡೆಯುತ್ತವೆ. ಸಾಮಾನ್ಯವಾಗಿ ಒಂದು ಕಂತಿನಲ್ಲಿ 1500 ಬೈಟ್ ಹೋಗುತ್ತೆ, ಈ ವಿಧಾನ ಅದರಲ್ಲಿ 8 ಬೈಟ್ ತನಗೇ ಇಟ್ಕೊಳ್ಳುತ್ತೆ. ಉಳಿಯೋದು 1492. ರೂಟರಲ್ಲಿ ಈ ಲೆಕ್ಕ ತಪ್ಪಿದ್ರೆ ಕೆಲವು ಸೈಟ್ ಸಲೀಸಾಗಿ ಬರುತ್ತೆ, ಕೆಲವು ಅರ್ಧಕ್ಕೇ ನೇತಾಡುತ್ತೆ. ರೂಟರಲ್ಲಿ ಎಂಟಿಯು ಅನ್ನೋ ಕಡೆ 1492 ಹಾಕಿದ್ರೆ ಮುಗೀತು. ಇದಕ್ಕೆ ಕಂಪ್ಯೂಟರನ್ನ ಹತ್ತು ಸಲ ಫಾರ್ಮ್ಯಾಟ್ ಮಾಡಿದ್ರೂ ಸೈಟ್ ಬರಲ್ಲ. ಆದ್ರೆ ಬೇರೆ ಕಡೆ ಉಳಿಸಿಡದ ಮದುವೆ ಫೋಟೋ, ತೋಟದ ಲೆಕ್ಕ ಎಲ್ಲಾ ಹೋಗುತ್ತೆ.

(3/3)

ಇನ್ನು ತಪ್ಪು ನಮ್ಮ ಮನೇದೇ ಅಲ್ಲದ ಕಥೆ.

2021ರ ಅಕ್ಟೋಬರ್ 4 ನೆನಪಿದೆಯಾ? ನೀವೀಗ ಓದ್ತಿರೋ ಈ ಇನ್‌ಸ್ಟಾಗ್ರಾಮ್, ಜೊತೆಗೆ ಫೇಸ್‌ಬುಕ್, ವಾಟ್ಸಾಪ್, ಸುಮಾರು ಆರು ಗಂಟೆ ಜಗತ್ತಿನಿಂದಲೇ ಮಾಯ ಆಗಿದ್ವು. ಕಂಪನಿ ತನ್ನದೇ ಜಾಲದಲ್ಲಿ ಮಾಡ್ಕೊಂಡ ಎಡವಟ್ಟು ಅದು. ಅವತ್ತು ಫೋನ್ ರೀಸ್ಟಾರ್ಟ್ ಮಾಡಿದವರ ಶ್ರಮ ಎಲ್ಲಾ ದಂಡ.

ತಡೆಯೋದೂ ಇದೆ. ನಮ್ಮ ಕೆಲವು ಸರ್ಕಾರಿ ಸೈಟ್‌ಗಳು ವಿದೇಶದಿಂದ ತೆರೆಯಲ್ಲ. ಹೊರದೇಶದಲ್ಲಿರೋ ಮಗ ಅಲ್ಲಿಂದಲೇ ಅಪ್ಪನ ಅರ್ಜಿ ತುಂಬ್ತೀನಿ ಅಂದ್ರೆ ಆಗದೇ ಇರಬಹುದು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಂ ಪ್ರಕಾರ ಕೇಂದ್ರ ಸರ್ಕಾರ ಸೈಟ್‌ಗಳನ್ನ ತಡೆಯಬಹುದು. 2009ರ ನಿಯಮಗಳು ಆ ಪ್ರಕ್ರಿಯೆಯನ್ನ ಗುಟ್ಟಾಗಿ ಇಡಬೇಕು ಅನ್ನುತ್ತವೆ. ಕೆಲವೊಮ್ಮೆ ಓದುಗನಿಗೆ ಕಾಣೋದು ‘ಸೈಟ್ ಸಿಗ್ತಿಲ್ಲ’ ಅನ್ನೋ ಒಂದೇ ಸಾಲು. ತಡೆದಿರೋದಾದ್ರೆ ತಡೆದಿದ್ದೀವಿ ಅಂತ ಪರದೆ ಮೇಲೆ ಬರೀಲಿ. ಇಲ್ಲಾಂದ್ರೆ ಪಾಪ, ಜನ ತಮ್ಮ ಕಂಪ್ಯೂಟರನ್ನೇ ಬೈಕೊಂಡು ರಿಪೇರಿಗೆ ಹೊತ್ಕೊಂಡು ಹೋಗ್ತಾರೆ.

ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಪಹಣಿ, ಸ್ಕಾಲರ್‌ಶಿಪ್, ಪ್ರಮಾಣಪತ್ರ ಎಲ್ಲಾ ಸೈಟಿಗೆ ಹಾಕಿದ ಮೇಲೆ ಆ ಸೈಟ್ ನಿಂತ್ರೆ ಕಚೇರಿ ಬಾಗಿಲು ಹಾಕಿದ ಹಾಗೇ. ಕೊನೇ ದಿನ ಸೈಟ್ ಬಿದ್ದರೆ, ಬಿದ್ದಿತ್ತು ಅಂತ ಒಪ್ಕೊಂಡು ದಿನಾಂಕ ಮುಂದಕ್ಕೆ ಹಾಕಬೇಕು. ಇದು ಜನರಿಗೆ ಮಾಡೋ ಉಪಕಾರ ಅಲ್ಲ, ಇಲಾಖೆಯ ಕರ್ತವ್ಯ.

ನಾವು ಮಾಡ್ಬೇಕಾದ್ದೂ ಇದೆ. ದೂರು ಕೊಡುವಾಗ ‘ನೆಟ್ ಬರ್ತಿಲ್ಲ’ ಅಂತ ಮಾತ್ರ ಹೇಳಿದ್ರೆ ‘ರೂಟರ್ ಆಫ್ ಮಾಡಿ ಆನ್ ಮಾಡಿ’ ಅಂತಾರೆ, ಅಷ್ಟೇ. ಯಾವ ಸೈಟ್, ಎಷ್ಟು ಹೊತ್ತಿಗೆ, ಪರದೆ ಮೇಲೆ ಏನು ಬಂತು, ವೈಫೈನಲ್ಲಿ ಏನಾಯ್ತು, ಸಿಮ್ ಡೇಟಾದಲ್ಲಿ ಏನಾಯ್ತು: ಐದು ಸಾಲು ಬರೆದು, ಸ್ಕ್ರೀನ್‌ಶಾಟ್ ಸೇರಿಸಿ ಕಳಿಸಿ. ಆಗ ಅವರೂ ನೋಡ್ಲೇಬೇಕಾಗುತ್ತೆ. ಅರ್ಜಿ ತಪ್ಪಿಹೋದ್ರೆ ಪ್ರಶ್ನೆ ಮಾಡೋಕೆ ನಿಮ್ಮ ಕೈಲಿರೋ ದಾಖಲೆಯೂ ಅದೇ.

ಸೇವ್ ಮಾಡಿಟ್ಕೊಳ್ಳಿ. ಅರ್ಜಿ ಹಾಕೋ ಮಕ್ಕಳಿರೋ ಮನೆಗೆ ಕಳಿಸಿ. 🙏

#ಮನೆಕಂಪ್ಯೂಟರ್ #ಶನಿವಾರಸಂತೆ #ಕೊಡಗು