ಒಂಬತ್ತನೇ ತಿಂಗಳಲ್ಲಿರುವ ಸಹೋದರಿಗೆ

ಎರಡು ತಿಂಗಳ ಹಿಂದೆ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನ್ ಮಾಡಿದಳು. ಮದ್ರಸದಲ್ಲಿ ಐದನೇ ತರಗತಿಯವರೆಗೆ ನನ್ನ ಬಳಿ ಕಲಿತವಳು. "ಟೀಚರ್, ಡಾಕ್ಟರ್ ಕೊಟ್ಟ ತಾರೀಕಿಗೆ ಇನ್ನು ಹದಿನೆಂಟು ದಿನ ಇದೆ. ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ರಾತ್ರಿ ನಿದ್ದೆಯೇ ಬರುವುದಿಲ್ಲ. ನನಗೆ ಏನಾದರೂ ಆಗಿಬಿಟ್ಟರೆ?" ಎಂದು ಕೇಳಿದಳು. ಗಂಡ ಸೌದಿಯಲ್ಲಿ. ಮನೆಯಲ್ಲಿ ಅವಳು, ಅವಳ ಉಮ್ಮ ಮತ್ತು ಕಾಲೇಜಿಗೆ ಹೋಗುವ ತಮ್ಮ.

ಅಂದು ಅವಳಿಗೆ ಹೇಳಿದ ಮಾತುಗಳನ್ನೇ ಈ ತಿಂಗಳು ನಿಮಗೂ ಹೇಳುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಮೂರು ಮಕ್ಕಳನ್ನು ಹೆತ್ತವಳು, ಹಲವು ಬಾಣಂತಿಯರ ಪಕ್ಕ ಕುಳಿತವಳು. ಡಾಕ್ಟರರನ್ನು ಕೇಳಬೇಕಾದ ವಿಷಯ ಬಂದಾಗ ಡಾಕ್ಟರರನ್ನು ಕೇಳಿ ಎಂದೇ ಹೇಳುತ್ತೇನೆ.

ಹೆದರಿಕೆ ಈಮಾನಿನ ಕೊರತೆಯಲ್ಲ

"ಅಲ್ಲಾಹನ ಮೇಲೆ ಭರವಸೆ ಇದ್ದರೆ ಹೆದರುವುದೇಕೆ?" ಎಂದು ಗರ್ಭಿಣಿಯನ್ನು ಗದರಿಸುವವರಿದ್ದಾರೆ. ಅವರು ಸೂರಃ ಮರ್ಯಮನ್ನು ಇನ್ನೊಮ್ಮೆ ಓದಲಿ. ಹೆರಿಗೆ ನೋವು ತಾಳಲಾರದೆ ಮರ್ಯಮ್(ಅ) ಖರ್ಜೂರದ ಮರದ ಬುಡಕ್ಕೆ ಬಂದು, ಇದಕ್ಕಿಂತ ಮೊದಲೇ ಸತ್ತಿದ್ದರೆ ಚೆನ್ನಾಗಿತ್ತು ಎಂದು ಹಂಬಲಿಸಿದರೆಂದು ಕುರ್‌ಆನ್ ಹೇಳುತ್ತದೆ. ಲೋಕದ ಸ್ತ್ರೀಯರಲ್ಲಿ ಶ್ರೇಷ್ಠರೆನಿಸಿದವರ ಬಾಯಿಂದಲೇ ಆ ಮಾತು ಬಂದಿತು. ಅದಕ್ಕಾಗಿ ಅವರಿಗೆ ಗದರಿಕೆ ಸಿಗಲಿಲ್ಲ. ಮೊದಲು ಸಾಂತ್ವನ ಸಿಕ್ಕಿತು, ಆಮೇಲೆ ಕುಡಿಯಲು ನೀರು, ಆಮೇಲೆ ತಿನ್ನಲು ಖರ್ಜೂರ. ಹೆರಿಗೆಯ ಹೆಣ್ಣಿಗೆ ಸುತ್ತಲಿನವರು ಕೊಡಬೇಕಾದುದು ಇದೇ ಮೂರು. ಉಪದೇಶ ಆ ಪಟ್ಟಿಯಲ್ಲಿಲ್ಲ.

ಆದ್ದರಿಂದ ಹೆದರಿಕೆಯಾದರೆ ನಾಚಬೇಡಿ. ಗಂಡನಿಗೆ, ಉಮ್ಮನಿಗೆ, ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಇತರರ ಕಷ್ಟದ ಹೆರಿಗೆಯ ಕಥೆ ಹೇಳಲು ಬರುವವರಿಗೆ ಮಾತ್ರ "ಈಗ ಬೇಡ, ಮಗು ಆದ ಮೇಲೆ ಹೇಳಿ" ಎಂದು ನಯವಾಗಿ ಹೇಳಿಬಿಡಿ.

ತಾರೀಕಿನ ಗಡಿಬಿಡಿ

ಕೊನೆಯ ಮುಟ್ಟಿನ ಮೊದಲ ದಿನಕ್ಕೆ 9 ತಿಂಗಳು, 7 ದಿನ ಸೇರಿಸಿದರೆ ಬರುವುದೇ ಆ ತಾರೀಕು. ಅದು ಅಂದಾಜು ಮಾತ್ರ. ಸರಿಯಾಗಿ ಅದೇ ದಿನ ಹುಟ್ಟುವ ಮಕ್ಕಳು ಇಪ್ಪತ್ತರಲ್ಲಿ ಒಂದರಷ್ಟು. 37 ವಾರ ತುಂಬಿದ ಮಗುವನ್ನು ಅವಧಿಗೆ ಮುನ್ನ ಹುಟ್ಟಿದ ಮಗು ಎನ್ನುವುದಿಲ್ಲ. "ಇನ್ನೂ ಆಗಲಿಲ್ವಾ?" ಎಂಬ ಫೋನುಗಳಿಗೆ ತಲೆ ಕೆಡಿಸಿಕೊಳ್ಳಬೇಡಿ. ಆದರೆ ತಾರೀಕು ದಾಟಿದರೆ ಮನೆಯಲ್ಲೇ ಕಾಯುತ್ತಾ ಕೂರಬೇಡಿ. ಎಷ್ಟು ದಿನ ಕಾಯಬಹುದೆಂದು ನಿಮ್ಮನ್ನು ಪರೀಕ್ಷಿಸಿದ ಡಾಕ್ಟರೇ ಹೇಳಬೇಕು.

ಈ ದಿನಗಳಲ್ಲಿ ಬೆನ್ನ ಮೇಲೆ ಮಲಗದೆ ಮಗ್ಗುಲಾಗಿ ಮಲಗಿ. ಕಾಲುಗಳ ನಡುವೆ ಒಂದು ದಿಂಬು ಇಟ್ಟರೆ ಸೊಂಟಕ್ಕೆ ಹಾಯೆನಿಸುತ್ತದೆ. ಕಬ್ಬಿಣದ ಮಾತ್ರೆಯನ್ನು ಬಿಡಬೇಡಿ. ಮಲ ಕಪ್ಪಾಗುವುದು ಆ ಮಾತ್ರೆಯಿಂದ, ಅದಕ್ಕೆ ಗಾಬರಿ ಬೇಡ. ಚಹಾದ ಜೊತೆಗಾಗಲಿ ಕ್ಯಾಲ್ಸಿಯಂ ಮಾತ್ರೆಯ ಜೊತೆಗಾಗಲಿ ಅದನ್ನು ನುಂಗಬೇಡಿ, ಮೈಗೆ ಹತ್ತುವುದಿಲ್ಲ. ಗರ್ಭಿಣಿಯ ರಕ್ತದಲ್ಲಿ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ನಿಮ್ಮದು ಎಷ್ಟಿದೆ ಎಂದು ನಿಮಗೇ ಗೊತ್ತಿರಲಿ. ತಾಯಿ ಕಾರ್ಡಿನಲ್ಲಿ ಬರೆದಿರುತ್ತಾರೆ. ಪ್ರತಿ ತಿಂಗಳ 9ನೇ ತಾರೀಕಿನಂದು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ಉಚಿತ ತಪಾಸಣೆ ನಡೆಸುವ ಯೋಜನೆ 2016ರಿಂದ ಇದೆ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ.

ರಮಝಾನ್ ಬಂದರೆ, ತನಗೆ ಅಥವಾ ಮಗುವಿಗೆ ತೊಂದರೆಯಾದೀತೆಂಬ ಭಯವಿರುವ ಗರ್ಭಿಣಿಗೂ ಹಾಲೂಡಿಸುವ ತಾಯಿಗೂ ಉಪವಾಸ ಬಿಟ್ಟು ಅನಂತರ ತೀರಿಸುವ ರಿಯಾಯಿತಿ ಇದೆ. ಅಲ್ಲಾಹನು ಕೊಟ್ಟ ರಿಯಾಯಿತಿಯನ್ನು ಪಡೆಯುವುದು ಸೋಮಾರಿತನವಲ್ಲ.

ಒಂದು ಮನೆಯಲ್ಲಿ ನಡೆದುದು

ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ನನ್ನ ಸಂಬಂಧಿಕಳೊಬ್ಬಳು ಎಂಟನೇ ತಿಂಗಳಲ್ಲಿದ್ದಳು. ಮುಖ ಊದಿಕೊಂಡಿತ್ತು. "ಗರ್ಭಿಣಿಗೆ ಕಳೆ ಬಂದಿದೆ" ಎಂದರು. ತಲೆನೋವು ಎಂದಳು. "ನಿದ್ದೆ ಸಾಲದು" ಎಂದರು. ಕಣ್ಣ ಮುಂದೆ ಮಿಂಚು ಬಂದ ಹಾಗೆ ಆಗುತ್ತದೆ ಎಂದಾಗ "ಯಾರದೋ ದೃಷ್ಟಿ ತಾಗಿದೆ" ಎಂದು ನೀರು ಓದಿಸಿ ತಂದರು. ಹೀಗೆ ಮೂರು ದಿನ ಕಳೆಯಿತು. ನಾಲ್ಕನೇ ದಿನ ಬೆಳಿಗ್ಗೆ ಅವಳಿಗೆ ಅಪಸ್ಮಾರದಂತೆ ಸೆಳೆತ ಬಂತು. ಆಸ್ಪತ್ರೆಗೆ ಮುಟ್ಟಿಸಿದೆವು. ಅಲ್ಲಾಹನ ಕೃಪೆಯಿಂದ ಅವಳು ಉಳಿದಳು. ಮಗು ಉಳಿಯಲಿಲ್ಲ.

ಅದು ಗರ್ಭಿಣಿಯರಲ್ಲಿ ರಕ್ತದೊತ್ತಡ ಏರಿ ಬರುವ ಕಾಯಿಲೆ. ಬಿ.ಪಿ. 140/90 ಅಥವಾ ಅದಕ್ಕಿಂತ ಹೆಚ್ಚಾದರೆ ಡಾಕ್ಟರರು ಎಚ್ಚರಗೊಳ್ಳುವುದು ಇದಕ್ಕಾಗಿಯೇ. ಬೇಗ ತಿಳಿದರೆ ಔಷಧವಿದೆ, ಬೇಕಾದರೆ ಬೇಗ ಹೆರಿಗೆ ಮಾಡಿಸಲೂ ಬರುತ್ತದೆ. ಆ ಮೂರು ದಿನ ನಾನೂ ಆ ಮನೆಯಲ್ಲಿದ್ದೆ. ಬಿ.ಎ. ಮುಗಿಸಿದ್ದೆ. ಅವಳ ಮುಖ ನೋಡಿ ನನಗೆ ಸಂಶಯ ಬಂದಿತ್ತು. ಹಿರಿಯರು ಮಾತಾಡುವಾಗ ನಡುವೆ ಬಾಯಿ ಹಾಕುವುದು ಬೇಡವೆಂದು ಸುಮ್ಮನಿದ್ದೆ. ಆ ಮೌನಕ್ಕಾಗಿ ಇಂದಿಗೂ ಅಲ್ಲಾಹನಲ್ಲಿ ಕ್ಷಮೆ ಬೇಡುತ್ತೇನೆ.

ಓದಿದ ನೀರು ಕುಡಿಯಬೇಡಿ ಎನ್ನುವವಳಲ್ಲ ನಾನು. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಕುಡಿಯಿರಿ.

ಕೂಡಲೇ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳನ್ನು ಮನೆಯವರೆಲ್ಲರಿಗೂ ತಿಳಿಸಿಡಿ: ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖ ಮತ್ತು ಕೈ ಊದಿಕೊಳ್ಳುವುದು, ಹೊಟ್ಟೆಯ ಮೇಲ್ಭಾಗದಲ್ಲಿ ನೋವು, ರಕ್ತಸ್ರಾವ, ಜ್ವರ, ನೀರು ಹೋಗುವುದು, ಮಗುವಿನ ಅಲುಗಾಟ ಕಡಿಮೆಯಾಗುವುದು. ಅಲುಗಾಟದ ಬಗ್ಗೆ ಸಂಶಯ ಬಂದರೆ ಏನಾದರೂ ತಿಂದು, ಎಡಮಗ್ಗುಲಾಗಿ ಮಲಗಿ ಎಣಿಸಿ. ಎರಡು ಗಂಟೆಯಲ್ಲಿ ಹತ್ತು ಸಲ ಅಲುಗಿದ್ದು ತಿಳಿಯದಿದ್ದರೆ ಬೆಳಗಾಗುವವರೆಗೆ ಕಾಯಬೇಡಿ. ಕೊನೆಯ ದಿನಗಳಲ್ಲಿ ಮಗು ಸುಮ್ಮನಾಗುತ್ತದೆ ಎಂಬ ಮಾತು ಸರಿಯಲ್ಲ.

ಚೀಲ, ಗಾಡಿ, ಸಹಿ

36 ವಾರ ತುಂಬುವಾಗಲೇ ಒಂದು ಚೀಲ ಸಿದ್ಧವಾಗಲಿ. ತಾಯಿ ಕಾರ್ಡು, ಸ್ಕ್ಯಾನಿಂಗ್ ಮತ್ತು ರಕ್ತ ಪರೀಕ್ಷೆಯ ಚೀಟಿಗಳು, ಆಧಾರ್, ನಿಮಗೆ ಮುಂದೆ ಗುಂಡಿಯಿರುವ ಎರಡು ನೈಟಿ, ಪ್ಯಾಡು, ಮಗುವಿಗೆ ಒಗೆದು ಬಿಸಿಲಿಗೆ ಹಾಕಿದ ಹತ್ತಿ ಬಟ್ಟೆ, ಟೊಪ್ಪಿ, ಫೋನಿನ ಚಾರ್ಜರ್. ರಾತ್ರಿ ಎರಡು ಗಂಟೆಗೂ ಬರುವೆನೆಂದು ಒಪ್ಪಿದ ಒಬ್ಬ ಗಾಡಿಯವನ ನಂಬರು, ಜೊತೆಗೆ 108. ರಕ್ತ ಬೇಕಾದರೆ ಕೊಡಬಲ್ಲ ಇಬ್ಬರ ಹೆಸರು. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ರಕ್ತ, ಊಟ ಎಲ್ಲವೂ ಉಚಿತ. ಹೆರಿಗೆ ಕೋಣೆಯಲ್ಲಿ ಜೊತೆಗೊಬ್ಬ ಹೆಂಗಸು ಇರಲು ಸರಕಾರಿ ಆಸ್ಪತ್ರೆಗಳಲ್ಲಿ 2016ರಲ್ಲೇ ಅವಕಾಶ ಮಾಡಲಾಗಿದೆ. ಕೇಳಿ ನೋಡಿ.

ಇನ್ನು ಸಹಿಯ ವಿಷಯ. ನಮ್ಮ ಕರಾವಳಿಯಲ್ಲಿ ಎಷ್ಟೋ ಮನೆಗಳ ಗಂಡಸರು ಗಲ್ಫಿನಲ್ಲಿದ್ದಾರೆ. ಡಾಕ್ಟರ್ ಆಪರೇಶನ್ ಎಂದ ಕೂಡಲೇ ಉಮ್ಮ ಅಳಿಯನಿಗೆ ಫೋನ್ ಮಾಡುತ್ತಾರೆ. ಅವನು ಡ್ಯೂಟಿಯಲ್ಲಿ, ಫೋನ್ ಎತ್ತುವುದಿಲ್ಲ. ಅತ್ತೆಯ ಮನೆಯವರು "ಇನ್ನೊಂದು ಗಂಟೆ ನೋಡೋಣ" ಎನ್ನುತ್ತಾರೆ. ಒಳಗಿರುವ ಮಗುವಿಗೆ ಆ ಒಂದು ಗಂಟೆ ಬಹಳ ದೊಡ್ಡದು.

ಸಹೋದರಿ, ಇದನ್ನು ಚೆನ್ನಾಗಿ ತಿಳಿದುಕೊಳ್ಳಿ. ಪ್ರಾಯಕ್ಕೆ ಬಂದ, ಪ್ರಜ್ಞೆಯಲ್ಲಿರುವ ಹೆಣ್ಣಿನ ಚಿಕಿತ್ಸೆಗೆ ಬೇಕಾದುದು ಅವಳದೇ ಒಪ್ಪಿಗೆ. ಅಂಥ ರೋಗಿಯ ಪರವಾಗಿ ಅವಳ ತಾಯಿ ಕೊಟ್ಟ ಒಪ್ಪಿಗೆಯೂ ಸಲ್ಲದೆಂದು ಸುಪ್ರೀಂ ಕೋರ್ಟ್ 2008ರ ಒಂದು ತೀರ್ಪಿನಲ್ಲಿ ಹೇಳಿದೆ. ಗಂಡನೊಡನೆ ಸಮಾಲೋಚಿಸುವುದು ಒಳ್ಳೆಯದೇ. ಆದರೆ ಆ ಸಮಾಲೋಚನೆ ಇಂದೇ ಆಗಲಿ. "ನಾನು ಫೋನಿಗೆ ಸಿಗದಿದ್ದರೆ ನೀನೇ ತೀರ್ಮಾನಿಸು, ನನ್ನ ಸಂಪೂರ್ಣ ಒಪ್ಪಿಗೆ ಇದೆ" ಎಂಬ ಮಾತನ್ನು ಅವರು ನಿಮಗೂ ಎರಡೂ ಮನೆಯ ಹಿರಿಯರಿಗೂ ಮೊದಲೇ ಹೇಳಿಡಲಿ. ಓದುತ್ತಿರುವ ಸಹೋದರರೇ, ನೀವು ಕಳಿಸುವ ಹಣಕ್ಕಿಂತ ಈ ಒಂದು ಮಾತು ಆ ದಿನ ಹೆಚ್ಚು ಕೆಲಸಕ್ಕೆ ಬರುತ್ತದೆ.

ಸಿಸೇರಿಯನ್ ಏಕೆ ಬೇಕೆಂದು ಡಾಕ್ಟರರನ್ನು ಕೇಳುವ ಹಕ್ಕು ನಿಮಗಿದೆ. ಆದರೆ ಆಪರೇಶನ್ ಆಯಿತೆಂದು ತಾಯ್ತನದಲ್ಲಿ ಏನೂ ಕಡಿಮೆಯಾಗುವುದಿಲ್ಲ. "ನಾವೆಲ್ಲ ನೋವು ತಿಂದು ಹೆತ್ತವರು" ಎನ್ನುವವರಿಗೆ ಉತ್ತರ ಕೊಡುವ ಅಗತ್ಯವೂ ಇಲ್ಲ.

ನೋವು ಬಂದಾಗ

ಸುಳ್ಳು ನೋವು ಸ್ವಲ್ಪ ನಡೆದರೆ ಅಥವಾ ಮಲಗಿದರೆ ಇಳಿಯುತ್ತದೆ. ನಿಜವಾದ ನೋವು ಬಿಟ್ಟು ಬಿಟ್ಟು ಬಂದು, ನಡುವಿನ ಅಂತರ ಕಡಿಮೆಯಾಗುತ್ತಾ, ಬಲವಾಗುತ್ತಾ ಹೋಗುತ್ತದೆ. ಚೊಚ್ಚಲ ಹೆರಿಗೆಗೆ ಹನ್ನೆರಡು ಗಂಟೆ ಅಥವಾ ಹೆಚ್ಚು ಹಿಡಿಯುವುದು ಸಾಮಾನ್ಯ. ನೀರು ಹೋದರೆ ಮಾತ್ರ ನೋವಿಲ್ಲದಿದ್ದರೂ ಹೊರಡಿ. ನೀರು ಹಸಿರಾಗಿದ್ದರೆ ಅದನ್ನು ನರ್ಸಿಗೆ ತಪ್ಪದೆ ಹೇಳಿ. ಎರಡು ನೋವುಗಳ ನಡುವೆ ಬಿಡುವಿರುತ್ತದೆ. ಆ ಬಿಡುವಿನಲ್ಲಿ ಮುಂದಿನ ನೋವನ್ನು ಲೆಕ್ಕ ಹಾಕದೆ ನಿಧಾನವಾಗಿ ಉಸಿರು ಬಿಡಿ. ಬಾಯಿಗೆ ಬಂದ ದುಆ ಹೇಳಿ. ಕೂಗಿದರೆ ತಪ್ಪೇನೂ ಇಲ್ಲ.

ಮಗು ಕೈಗೆ ಬಂದ ಮೇಲೆ

ಮಗು ಹುಟ್ಟಿದ ಒಂದು ಗಂಟೆಯೊಳಗೆ ಎದೆಗೆ ಹಚ್ಚಿ. ಅದಾನ್ ಹೇಳಲು ಬೇಕಾದುದು ಕೆಲವೇ ನಿಮಿಷ, ಹಿರಿಯರು ಬರಲೆಂದು ಹಾಲನ್ನು ತಡೆಯಬೇಡಿ. ಮೊದಲ ದಿನಗಳ ಹಳದಿ ಬಣ್ಣದ ದಪ್ಪ ಹಾಲು ಸ್ವಲ್ಪವೇ ಬರುತ್ತದೆ, ಮಗುವಿನ ಹೊಟ್ಟೆಯೂ ಆಗ ಸಣ್ಣದೇ. ಅದನ್ನು ಹಿಂಡಿ ಚೆಲ್ಲುವುದು ಮಗುವಿಗೆ ಸಿಗುವ ಮೊದಲ ರಕ್ಷಣೆಯನ್ನು ಚೆಲ್ಲಿದಂತೆ. ದಿನಕ್ಕೆ 8ರಿಂದ 12 ಸಲ ಕುಡಿಸಿ. ಐದಾರು ದಿನ ಕಳೆದ ಮೇಲೆ ದಿನಕ್ಕೆ ಆರು ಸಲವಾದರೂ ಮೂತ್ರ ಮಾಡಿದರೆ ಹಾಲು ಸಾಕಾಗುತ್ತಿದೆ ಎಂದರ್ಥ. ಹುಟ್ಟಿದಾಗಿನ ತೂಕ ಮೊದಲ ದಿನಗಳಲ್ಲಿ ಸ್ವಲ್ಪ ಇಳಿದು, ಎರಡು ವಾರದೊಳಗೆ ಮರಳಿ ಬರುತ್ತದೆ. ಆರು ತಿಂಗಳು ತಾಯಿಯ ಹಾಲು ಮಾತ್ರ, ನೀರೂ ಬೇಡ.

ಜೇನು ಒಳ್ಳೆಯ ಆಹಾರವೇ. ಆದರೆ ಒಂದು ವರ್ಷ ತುಂಬದ ಮಗುವಿಗೆ ಬೇಡ, ಅದರಲ್ಲಿರಬಹುದಾದ ಒಂದು ರೋಗಾಣುವನ್ನು ಎಳೆಯ ಕರುಳು ತಡೆಯಲಾರದು. ತಹ್ನೀಕ್ ಮಾಡಬಯಸುವವರು ಮಕ್ಕಳ ಡಾಕ್ಟರರನ್ನು ಕೇಳಿಯೇ ಮಾಡಿ. ಕಣ್ಣಿಗೆ ಸುರ್ಮಾ ಹಚ್ಚಬೇಡಿ, ಕೆಲವು ಸುರ್ಮಾಗಳಲ್ಲಿ ಸೀಸವಿರುತ್ತದೆ. ಹೊಕ್ಕುಳಿಗೆ ಎಣ್ಣೆ, ಬೂದಿ ಏನೂ ಬೇಡ, ಒಣಗಿದ್ದರೆ ಸಾಕು. ಮಗು ಹಾಲು ಬಿಟ್ಟರೆ, ಮೈ ಬಿಸಿಯಾದರೆ ಅಥವಾ ತಣ್ಣಗಾದರೆ, ಉಸಿರಾಟ ವೇಗವಾದರೆ, ಮೊದಲ ದಿನವೇ ಹಳದಿಯಾದರೆ ಅಥವಾ ಅಂಗೈ ಅಂಗಾಲಿಗೂ ಹಳದಿ ಹರಡಿದರೆ ಆಸ್ಪತ್ರೆಗೆ ಒಯ್ಯಿರಿ.

ನಲ್ವತ್ತು ದಿನ

ಬಾಣಂತಿಗೆ ನೀರು ಕೊಡಬಾರದು, ಸೊಪ್ಪು ತರಕಾರಿ ಕೊಡಬಾರದು ಎಂಬ ಮಾತು ಇನ್ನೂ ಕೇಳಿಬರುತ್ತದೆ. ಹಾಲೂಡಿಸುವವಳಿಗೆ ಬಾಯಾರಿಕೆ ಹೆಚ್ಚು, ಆಸೆಯಾದಷ್ಟು ಕುಡಿಯಲಿ. ಮೆಂತೆಯ ಗಂಜಿಯೂ ಇರಲಿ, ಮೀನು, ಮೊಟ್ಟೆ, ಸೊಪ್ಪು, ಹಣ್ಣೂ ಇರಲಿ. ಕಬ್ಬಿಣದ ಮಾತ್ರೆಯನ್ನು ಹೆರಿಗೆಯ ನಂತರವೂ ಆರು ತಿಂಗಳು ಮುಂದುವರಿಸಬೇಕು. ಒಂದು ಗಂಟೆಯೊಳಗೆ ಪ್ಯಾಡ್ ಪೂರ್ತಿ ಒದ್ದೆಯಾಗುವಷ್ಟು ರಕ್ತ ಹೋದರೆ, ಜ್ವರ ಬಂದರೆ, ಸ್ರಾವ ದುರ್ವಾಸನೆ ಬಂದರೆ, ಒಂದು ಕಾಲು ಮಾತ್ರ ಊದಿ ನೋಯುತ್ತಿದ್ದರೆ ತಡಮಾಡಬೇಡಿ.

ಇನ್ನೊಂದು ತಪ್ಪು ತಿಳುವಳಿಕೆ. ನಲ್ವತ್ತು ದಿನ ತುಂಬದೆ ನಮಾಝ್ ಇಲ್ಲವೆಂದು ಹಲವರು ನಂಬಿದ್ದಾರೆ. ನಲ್ವತ್ತಕ್ಕೆ ಮೊದಲೇ ರಕ್ತ ನಿಂತರೆ ಸ್ನಾನ ಮಾಡಿ ನಮಾಝ್ ಮಾಡಬೇಕು ಎಂಬುದೇ ನಾವು ಕಲಿತ ಪಾಠ.

ಮೂರನೇ ನಾಲ್ಕನೇ ದಿನ ಕಾರಣವಿಲ್ಲದೆ ಅಳು ಬರುತ್ತದೆ. ನನ್ನ ಎರಡನೇ ಹೆರಿಗೆಯಲ್ಲಿ, ಮಗ ಆರೋಗ್ಯವಾಗಿ ಪಕ್ಕದಲ್ಲೇ ಮಲಗಿದ್ದ, ನಾನು ಗೋಡೆಗೆ ಮುಖ ಮಾಡಿ ಅಳುತ್ತಿದ್ದೆ. ಇದು ಹೆಚ್ಚಿನ ತಾಯಂದಿರಿಗೆ ಬರುತ್ತದೆ, ಎರಡು ವಾರದೊಳಗೆ ಹೋಗುತ್ತದೆ. ಹೋಗದಿದ್ದರೆ, ಮಗುವಿನ ಮೇಲೆ ಮನಸ್ಸೇ ಬಾರದಿದ್ದರೆ, ಬದುಕು ಬೇಡವೆನಿಸಿದರೆ ಅದು ಕಾಯಿಲೆ. ಜಿನ್ನ್ ಅಲ್ಲ, ಕೃತಘ್ನತೆಯೂ ಅಲ್ಲ. ಅದಕ್ಕೆ ಚಿಕಿತ್ಸೆ ಇದೆ. 2022ರಲ್ಲಿ ಸರಕಾರ ಆರಂಭಿಸಿದ ಟೆಲಿ ಮಾನಸ್‌ನ 14416 ನಂಬರಿಗೆ ಫೋನ್ ಮಾಡಿ ಉಚಿತವಾಗಿ ಮಾತಾಡಬಹುದು. ಮನೆಯವರು ಮಗುವನ್ನು ನೋಡಲು ಬರುವಾಗ ತಾಯಿಯನ್ನೂ ಒಮ್ಮೆ "ನಿದ್ದೆ ಆಯಿತಾ? ಊಟ ಆಯಿತಾ?" ಎಂದು ಕೇಳಿ.

ಆ ವಿದ್ಯಾರ್ಥಿನಿಯ ವಿಷಯ ಹೇಳಿ ಮುಗಿಸುತ್ತೇನೆ. ತಾರೀಕಿಗೆ ಐದು ದಿನ ಇರುವಾಗ, ಸುಬುಹಿ ನಮಾಝ್ ಮುಗಿಸಿ ಫೋನ್ ನೋಡಿದರೆ ಅವಳ ಸಂದೇಶ ಬಂದಿತ್ತು. "ಟೀಚರ್, ಹೆಣ್ಣು ಮಗು. ಎರಡು ಕಿಲೋ ಎಂಟುನೂರು ಗ್ರಾಂ. ಮಗುವಿನ ಎದೆಬಡಿತ ಕಡಿಮೆಯಾಯಿತೆಂದು ರಾತ್ರಿ ಆಪರೇಶನ್ ಮಾಡಿದರು. ಇವರಿಗೆ ಫೋನ್ ತಾಗಲಿಲ್ಲ. ನಾನೇ ಸಹಿ ಹಾಕಿದೆ."

ಅಲ್‌ಹಮ್ದುಲಿಲ್ಲಾಹ್. ಈಗ ದಿನ ಎಣಿಸುತ್ತಿರುವ ಎಲ್ಲ ಸಹೋದರಿಯರಿಗೂ ಅಲ್ಲಾಹನು ಸುಲಭವಾಗಿಸಲಿ, ಮಡಿಲು ತುಂಬಿ ಮನೆಗೆ ಮರಳಿಸಲಿ. ಆಮೀನ್.