ಸ್ಟಾಫ್ ರೂಮಿನ ಸ್ನೇಹ, ಆಡಳಿತದ ಲೆಕ್ಕ

ಕಳೆದ ತಿಂಗಳು ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಿಂದ ಫೋನ್ ಮಾಡಿದ್ದ. ತರಗತಿಯಲ್ಲಿ ಕಿಟಕಿಯ ಪಕ್ಕ ಕುಳಿತು ಪಾಠಕ್ಕಿಂತ ಹೊರಗಿನ ಹುಣಸೆಮರವನ್ನೇ ಹೆಚ್ಚು ನೋಡುತ್ತಿದ್ದ ಹುಡುಗ. ಈಗ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿದ್ದಾನೆ. "ಸಾರ್, ಜೊತೆಯವರೆಲ್ಲ ಬಂಗಾರದಂಥವರು. ಮೇಲಿನವರದೇ ಗೋಳು. ಎರಡು ವರ್ಷದಿಂದ ಸಂಬಳ ಏರಿಲ್ಲ, ಬಿಟ್ಟುಹೋದವರ ಕೆಲಸವೂ ನಮ್ಮ ತಲೆಗೇ. ಬಿಡೋಣ ಅಂದ್ರೆ ಇಂಥ ಸ್ನೇಹಿತರು ಬೇರೆಲ್ಲಿ ಸಿಗ್ತಾರೆ?" ಎಂದ. ನಾನು ಕೂಡಲೇ ಉತ್ತರಿಸಲಿಲ್ಲ. ಆ ಕೊನೆಯ ಮಾತನ್ನು ಬಹಳ ವರ್ಷಗಳ ಹಿಂದೆ ನಾನೇ ಇನ್ನೊಬ್ಬರಿಗೆ ಹೇಳಿದ್ದೆ.

ನಾನಿದ್ದದ್ದು ಖಾಸಗಿ ಅನುದಾನಿತ ಪ್ರೌಢಶಾಲೆ. ಕಿರಿಯರಿಗಾಗಿ ಒಂದು ವಿವರಣೆ: ಅಂಥ ಶಾಲೆಯಲ್ಲಿ ಅನುಮೋದಿತ ಹುದ್ದೆಯಲ್ಲಿರುವವರಿಗೆ ಸಂಬಳ ಸರ್ಕಾರದ್ದು, ನೇಮಕ ಆಡಳಿತ ಮಂಡಳಿಯದು. ಹುದ್ದೆ ತೆರವಾದರೆ ಮಂಡಳಿ ಇಲಾಖೆಗೆ ಪ್ರಸ್ತಾವನೆ ಕಳುಹಿಸಿ ಅನುಮೋದನೆ ಪಡೆಯಬೇಕು. ಅಲ್ಲಿಯವರೆಗೆ ಪಾಠ ಮಾಡುವವರಿಗೆ ಮಂಡಳಿ ಕೈಯೆತ್ತಿ ಕೊಟ್ಟಷ್ಟೇ ಗತಿ.

ನಮ್ಮ ಮಂಡಳಿಯಲ್ಲಿ ಎರಡು ಬಣಗಳಿದ್ದವು. ಕಾರ್ಯದರ್ಶಿ ಯಾರಾಗಬೇಕೆಂಬ ಜಗಳದಲ್ಲಿ ಕಡತಗಳು ಬೀರುವಿನಲ್ಲೇ ಮಲಗಿದವು. ಹಿಂದಿ ಟೀಚರ್ 1984ರಲ್ಲಿ 250 ರೂಪಾಯಿಗೆ ಸೇರಿದವರು, "ಈ ವರ್ಷ ಕಾಗದ ಹೋಗುತ್ತದೆ, ಮುಂದಿನ ವರ್ಷ ಖಂಡಿತ" ಎಂಬ ಮಾತು ಕೇಳುತ್ತಲೇ ವಯೋಮಿತಿ ದಾಟಿದರು.

ಆದರೆ ನಮ್ಮ ಸ್ಟಾಫ್ ರೂಮ್! ಅದನ್ನು ನೆನೆದರೆ ಇಂದಿಗೂ ಮನಸ್ಸು ತುಂಬಿ ಬರುತ್ತದೆ. ಮಧ್ಯಾಹ್ನದ ಡಬ್ಬಿಗಳು ಉದ್ದನೆಯ ಮೇಜಿನ ಮೇಲೆ ಒಟ್ಟಿಗೆ ತೆರೆಯುತ್ತಿದ್ದವು. ವಿಜ್ಞಾನದ ಮೇಷ್ಟ್ರ ಮನೆಯ ಮಾವಿನಕಾಯಿ ಉಪ್ಪಿನಕಾಯಿಗೆ ಮುಖ್ಯೋಪಾಧ್ಯಾಯರೂ ಕೈಚಾಚುತ್ತಿದ್ದರು. ಟೀಚರ್ ಬಾಣಂತನಕ್ಕೆ ಹೋದಾಗ ಅವರ ಪೀರಿಯಡ್‌ಗಳನ್ನು ನಾವು ಹಂಚಿಕೊಂಡೆವು. ನನ್ನ ಹಿಂದಿ ಉಚ್ಚಾರಣೆ ಕೇಳಿ ಮಕ್ಕಳು ಮುಸಿಮುಸಿ ನಕ್ಕದ್ದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬೇಕು. ದೀಪಾವಳಿಗೆ ನಾವೆಲ್ಲ ಸೇರಿ ಅವರಿಗೆ ಸೀರೆ ಕೊಡಿಸುತ್ತಿದ್ದೆವು. ಅವರ ಮಗನ ಕಾಲೇಜಿನ ಮೊದಲ ಶುಲ್ಕವನ್ನೂ ನಾವೇ ಕಟ್ಟಿದೆವು.

ಇದನ್ನು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದೆ. ಈಗ ಹಾಗೆ ಹೇಳಲು ನಾಲಿಗೆ ಏಳುವುದಿಲ್ಲ. ನಾವು ತುಂಬಿದ್ದು ಯಾರ ಕೊರತೆಯನ್ನು? ಮಂಡಳಿ ಕೊಡಬೇಕಾದದ್ದನ್ನು ನಾವು ಚಂದಾ ಎತ್ತಿ ಕೊಟ್ಟೆವು. ಮಂಡಳಿಗೆ ಕೊಡದೆಯೇ ಶಾಲೆ ನಡೆಯುತ್ತದೆಂದು ತಿಳಿಯಿತು. ತರಗತಿಯನ್ನು ಖಾಲಿ ಬಿಡಬೇಕಿತ್ತೆಂದು ನಾನು ಹೇಳುವುದಿಲ್ಲ. ಅಲ್ಲಿ ಕುಳಿತವರು ನೀವು, ನಮ್ಮ ಮಕ್ಕಳು. ಆದರೆ ಎಲ್ಲರೂ ಸಹಿ ಹಾಕಿದ ಒಂದು ಮನವಿಯನ್ನು ಇಲಾಖೆಗೆ ಕೊಡಬಹುದಿತ್ತು. 1991ರಲ್ಲಿ ಅದರ ಕರಡು ನನ್ನ ಕೈಬರಹದಲ್ಲೇ ಸಿದ್ಧವಾಗಿತ್ತು. "ಸುಮ್ಮನೆ ವಿರಸ ಯಾಕೆ" ಎಂದು ಅದನ್ನು ಮಡಚಿ ಪುಸ್ತಕದೊಳಗಿಟ್ಟವನೂ ನಾನೇ. ನನ್ನ ಸಂಬಳ ಸರ್ಕಾರದಿಂದ ಸರಿಯಾಗಿ ಬರುತ್ತಿತ್ತಲ್ಲ! ಅದೇ ವರ್ಷ ಅವರಿಗೆ ಬೇರೆ ಊರಿನ ಶಾಲೆಯಲ್ಲಿ ಒಳ್ಳೆಯ ಅವಕಾಶ ಬಂದಿತ್ತು. "ಇಂಥ ಜನ ನಿಮಗೆ ಅಲ್ಲಿ ಸಿಗುತ್ತಾರೆಯೇ ಟೀಚರ್?" ಎಂದೆ. ಅವರು ಹೋಗಲಿಲ್ಲ.

2003ರಲ್ಲಿ ಶಾಲೆ ಬಿಟ್ಟಾಗ ಅವರ ಸಂಬಳ 2,600 ರೂಪಾಯಿ. ಹಾರ, ಶಾಲು, ಹಣ್ಣಿನ ಬುಟ್ಟಿ ಕೊಟ್ಟು ಕಳುಹಿಸಿದೆವು. ಶಿಕ್ಷಕರು 1972ರ ಉಪದಾನ ಕಾಯಿದೆಯ ವ್ಯಾಖ್ಯೆಗೆ ಒಳಪಡುವುದಿಲ್ಲವೆಂದು ಸುಪ್ರೀಂ ಕೋರ್ಟ್ 2004ರಲ್ಲಿ ಹೇಳಿತು. 2009ರಲ್ಲಿ ಸಂಸತ್ತು ಕಾಯಿದೆಗೆ ತಿದ್ದುಪಡಿ ತಂದು, 1997ರ ಏಪ್ರಿಲ್ 3ರಿಂದಲೇ ಜಾರಿಗೆ ಬರುವಂತೆ ಶಿಕ್ಷಕರನ್ನು ಸೇರಿಸಿತು. ಖಾಸಗಿ ಶಾಲೆಗಳು ಅದನ್ನು ಪ್ರಶ್ನಿಸಿದಾಗ 2022ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಪತ್ರಿಕೆಯಲ್ಲಿ ಅದನ್ನು ಓದಿದ ದಿನವೇ ಕಾಗದ ಪೆನ್ನು ಹಿಡಿದು ಕುಳಿತೆ. ತಿಂಗಳಿಗೆ 26 ದಿನವೆಂದು ಎಣಿಸಿ, ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸಂಬಳ: ವರ್ಷಕ್ಕೆ 1,500, ಹತ್ತೊಂಬತ್ತು ವರ್ಷಕ್ಕೆ 28,500 ರೂಪಾಯಿ. ಅರ್ಜಿ ಬಾರದಿದ್ದರೂ ಲೆಕ್ಕ ಹಾಕಿ ಕೊಡುವ ಹೊಣೆ ಸಂಸ್ಥೆಯದೆಂದೇ ಆ ಕಾಯಿದೆಯಲ್ಲಿತ್ತು. 2009ರಿಂದ 2022ರವರೆಗೆ ನಮ್ಮ ಆತ್ಮೀಯ ಬಳಗದಲ್ಲಿ ಒಬ್ಬರೂ ಈ ವಿಷಯ ಎತ್ತಲಿಲ್ಲ. ಒಬ್ಬರ ಮನೆಯ ಮದುವೆಯನ್ನೂ ಇನ್ನೊಬ್ಬರು ತಪ್ಪಿಸಿದವರಲ್ಲ.

ಆ ಹುಡುಗನಿಗೆ ಬಿಡು ಎಂದಾಗಲಿ ಇರು ಎಂದಾಗಲಿ ಹೇಳಲಿಲ್ಲ. "ಆ ಬಂಗಾರದಂಥವರೆಲ್ಲ ಒಂದೇ ಕಾಗದಕ್ಕೆ ಸಹಿ ಹಾಕುತ್ತಾರೆಯೇ ಕೇಳಿ ನೋಡು. ಹಾಕದಿದ್ದರೆ ನಿನ್ನ ದಾರಿ ನೀನು ನೋಡಿಕೊ. ಸ್ನೇಹ ಫೋನಿನಲ್ಲೂ ಉಳಿಯುತ್ತದೆ" ಎಂದೆ. ಅವನಿಗೆ ಸ್ವಲ್ಪ ಬೇಸರವಾದಂತೆ ಕಂಡಿತು.

ಟೀಚರ್ ಪರವಾಗಿ ಅರ್ಜಿ ಬರೆದುಕೊಟ್ಟಿದ್ದೇನೆ. ಹಳೆಯ ಹಾಜರಿ ಪುಸ್ತಕಗಳು ಗೆದ್ದಲು ಹಿಡಿದು ಹೋಗಿವೆಯೆಂದು ಈಗಿನ ಮಂಡಳಿ ಹೇಳುತ್ತಿದೆ. 1984ರಿಂದ 2003ರೊಳಗೆ ಅವರಲ್ಲಿ ಹಿಂದಿ ಕಲಿತವರ ಮನೆಯಲ್ಲಿ ಅವರ ಸಹಿಯಿರುವ ಪ್ರಗತಿ ಪತ್ರವೋ, ಅವರು ಕುಳಿತಿರುವ ತರಗತಿಯ ಗುಂಪು ಫೋಟೋವೋ ಇದ್ದರೆ ದಯವಿಟ್ಟು ಹುಡುಕಿ, ವರ್ಷ ನಮೂದಿಸಿ ನನಗೆ ಕಳುಹಿಸಿ. ಅಟ್ಟದ ಮೇಲಿನ ಟ್ರಂಕುಗಳನ್ನೂ ಒಮ್ಮೆ ನೋಡಿ.